ಕೆಂಚನ ಎಡಗಣ್ಣು ಮತ್ತು ಅಮ್ಮನ ಡ್ರಾಪ್ಸ್

ನಿನ್ನೆ ಸಂಜೆ ಡಾಕ್ಟರು ನಮ್ಮ ಬೆಕ್ಕು ಕೆಂಚನ ಕಣ್ಣು ನೋಡಿ ನೀಲಿ ಲೈಟು ಆರಿಸಿ, "ಎಲ್ಲೂ ಬಣ್ಣ ಹಿಡಿದಿಲ್ಲ, ಗಾಯ ಮುಚ್ಚಿದೆ" ಅಂದರು. ಇಪ್ಪತ್ತೊಂದು ದಿನದಿಂದ ಈ ಒಂದು ಮಾತಿಗೆ ಕಾಯುತ್ತಿದ್ದೆ. ಬಸ್ಸಿನಲ್ಲಿ ವಾಪಸ್ ಬರುವಾಗ ಕೆಂಚ ಬುಟ್ಟಿಯೊಳಗೆ ನಿದ್ದೆ ಹೋಗಿದ್ದ. ನನಗೆ ಮಾತ್ರ ಊರು ಬರುವ ತನಕ ಅಳು ನಿಲ್ಲಲಿಲ್ಲ.

ಎಲ್ಲ ನೆನಪಿರುವಾಗಲೇ ಬರೆದಿಡುತ್ತಿದ್ದೇನೆ. ಬೆಕ್ಕು ಸಾಕಿದವರು ಪೂರ್ತಿ ಓದದಿದ್ದರೂ ಪರವಾಗಿಲ್ಲ, ಇಷ್ಟು ನೆನಪಿಡಿ. ಬೆಕ್ಕು ಒಂದು ಕಣ್ಣನ್ನು ಅರ್ಧ ಮುಚ್ಚಿಕೊಂಡು ಕೂತಿದ್ದರೆ, ಡಾಕ್ಟರು ಬಣ್ಣ ಹಾಕಿ ಪರೀಕ್ಷೆ ಮಾಡುವ ತನಕ ಮನೆಯಲ್ಲಿರುವ ಯಾವ ಡ್ರಾಪ್ಸನ್ನೂ ಹಾಕಬೇಡಿ. ನಾನು ಹಾಕಿದ್ದೆ.

ಕೆಂಚನಿಗೆ ಈಗ ಐದು ತಿಂಗಳು. ನಮ್ಮ ಸೌದೆ ಕೊಟ್ಟಿಗೆಯಲ್ಲಿ ಹುಟ್ಟಿದ ಮೂರು ಮರಿಗಳಲ್ಲಿ ಉಳಿದವನು ಇವನೊಬ್ಬ. ಚಿಕ್ಕವನಿದ್ದಾಗ ಒಂದು ವಾರ ಸೀನಿದ್ದ, ಕಣ್ಣಲ್ಲಿ ನೀರು ಸುರಿದಿತ್ತು, ತಾನಾಗೇ ಹೋಗಿತ್ತು. ಮಲೆನಾಡಿನ ಥಂಡಿ, ಮರಿಗೆ ಶೀತ ಆಗಿದೆ ಅಂದುಕೊಂಡು ಬಿಟ್ಟಿದ್ದೆವು. ಲಸಿಕೆ ಹಾಕಿಸಿರಲಿಲ್ಲ. ಹಳ್ಳಿಯಲ್ಲಿ ಬೆಕ್ಕಿಗೆ ಲಸಿಕೆ ಹಾಕಿಸುವ ರೂಢಿ ಇಲ್ಲ, ಅಲ್ವಾ?

ಅವತ್ತು ಭಾನುವಾರ. ಬೆಳಿಗ್ಗೆ ಹಾಲು ಕುಡಿಯಲು ಬಂದವನ ಎಡಗಣ್ಣು ಅರ್ಧ ಮುಚ್ಚಿತ್ತು, ನೀರು ಇಳಿಯುತ್ತಿತ್ತು. ಮೂಗಿನ ಕಡೆಯ ಮೂಲೆಯಿಂದ ಬಿಳಿ ಪೊರೆಯಂಥದ್ದು ಸ್ವಲ್ಪ ಮೇಲೆ ಬಂದಿತ್ತು. ಅದು ಬೆಕ್ಕಿನ ಮೂರನೇ ರೆಪ್ಪೆ ಅಂತ ಆಮೇಲೆ ಗೊತ್ತಾಯಿತು. ಕಣ್ಣು ನೋಯುವಾಗ ಅದು ಮೇಲೆ ಬರುತ್ತದೆ. ನಾನು ಹುಲ್ಲು ಚುಚ್ಚಿರಬೇಕು ಅಂದುಕೊಂಡೆ. ಒಂದು ಫೋಟೋ ತೆಗೆದು ತಂಗಿಗೆ ಕಳಿಸಿ ಸುಮ್ಮನಾದೆ.

ಮಧ್ಯಾಹ್ನ ಪಕ್ಕದ ಮನೆಯ ಅಕ್ಕ ಬಂದವರು, "ನಂದಿಬಟ್ಟಲ ಹೂವು ಹಿಂಡಿ ಎರಡು ಹನಿ ಬಿಡು ಮಾರಾಯ್ತಿ, ನಮ್ಮ ಅಜ್ಜಿ ಎಲ್ಲರಿಗೂ ಅದನ್ನೇ ಹಾಕುತ್ತಿದ್ದರು" ಅಂದರು. ಹೂವಿನ ರಸ ಹಾಕಲು ಮನಸ್ಸು ಬರಲಿಲ್ಲ. ಇಂಗ್ಲಿಷ್ ಮದ್ದು ವಾಸಿ ಅನ್ನಿಸಿತು. ಅಮ್ಮನಿಗೆ ನಾಲ್ಕು ತಿಂಗಳ ಹಿಂದೆ ಕಣ್ಣಿನ ಪೊರೆ ಆಪರೇಷನ್ ಆಗಿತ್ತು. ಆಗ ಕೊಟ್ಟಿದ್ದ ಡ್ರಾಪ್ಸ್ ಫ್ರಿಜ್ಜಿನ ಬಾಗಿಲಲ್ಲೇ ಇತ್ತು, ಅರ್ಧ ಬಾಟಲಿ. ಆಪರೇಷನ್ ಆದ ಕಣ್ಣಿಗೆ ಹಾಕುವಂಥದ್ದು, ಬೆಕ್ಕಿನ ಕಣ್ಣಿಗೆ ಏನು ಮಾಡೀತು ಅಂತ ಎರಡು ಹನಿ ಬಿಟ್ಟೆ.

ಸೋಮವಾರ ಬೆಳಿಗ್ಗೆ ಕೆಂಪು ಕಡಿಮೆಯಾಗಿತ್ತು. ಮೋಸ ಹೋಗಿದ್ದು ಇಲ್ಲೇ. ಮದ್ದು ಹಿಡಿಯಿತು ಅಂತ ಖುಷಿಯಾಗಿ ಆ ದಿನ ಮೂರು ಸಲ ಹಾಕಿದೆ, ಮಂಗಳವಾರವೂ ಮೂರು ಸಲ. ಮಂಗಳವಾರ ರಾತ್ರಿ ರೆಪ್ಪೆಗಳು ಹಳದಿ ಗೀಜಿನಿಂದ ಅಂಟಿಕೊಂಡವು. ಬುಧವಾರ ಬೆಳಿಗ್ಗೆ ಬಿಸಿನೀರಲ್ಲಿ ಅದ್ದಿದ ಹತ್ತಿಯಿಂದ ಒರೆಸಿ ರೆಪ್ಪೆ ಬಿಡಿಸಿದೆ. ಕಣ್ಣುಗುಡ್ಡೆಯ ಮೇಲೆ ಮಂಜು ಕವಿದ ಹಾಗೆ ನೀಲಿ ಛಾಯೆ ಬಂದಿತ್ತು. ಬೆಳಕು ಬಿದ್ದ ಕೂಡಲೇ ಕೆಂಚ ಕಿರುಚಿ ಮಂಚದ ಕೆಳಗೆ ಓಡಿದ. ಹಿಂದಿನ ದಿನ ಮಧ್ಯಾಹ್ನದಿಂದ ಏನೂ ತಿಂದಿರಲಿಲ್ಲ.

ಹತ್ತಿರದ ಪಶು ಆಸ್ಪತ್ರೆಗೆ ಓಡಿದೆ. ಡಾಕ್ಟರು ದನಗಳಿಗೆ ಕಾಲುಬಾಯಿ ಜ್ವರದ ಲಸಿಕೆ ಹಾಕಲು ಹಳ್ಳಿಗಳಿಗೆ ಹೋಗಿದ್ದರು. ಫೋನಿನಲ್ಲಿ ಸಿಕ್ಕರು. ಕಣ್ಣು ಮಂಜಾಗಿದೆ ಅಂದ ತಕ್ಷಣ, "ನಾಳೆ ತನಕ ಕಾಯಬೇಡಿ. ಬಣ್ಣ ಹಾಕಿ ನೋಡುವ ಸ್ಟ್ರಿಪ್ ನಮ್ಮಲ್ಲಿ ಈಗ ಇಲ್ಲ, ಇವತ್ತೇ ಶಿವಮೊಗ್ಗಕ್ಕೆ ಹೋಗಿ. ಹಾಕುತ್ತಿರುವ ಡ್ರಾಪ್ಸ್ ಬಾಟಲಿ ಜೊತೆಗೆ ತಗೊಂಡು ಹೋಗಿ" ಅಂದರು. ಆ ಎರಡು ನಿಮಿಷದ ಫೋನ್ ಕರೆಯೇ ಕೆಂಚನ ಕಣ್ಣು ಉಳಿಸಿದ್ದು ಅಂತ ನಾನು ನಂಬಿದ್ದೇನೆ.

ಇಲ್ಲೊಂದು ಸಲಹೆ. ಹೊರಡುವ ಮೊದಲು ಕ್ಲಿನಿಕ್ಕಿಗೆ ಫೋನ್ ಮಾಡಿ ಮೂರು ವಿಷಯ ಕೇಳಿ: ಬೆಕ್ಕು ನೋಡುತ್ತೀರಾ, ಕಣ್ಣಿಗೆ ಬಣ್ಣ ಹಾಕಿ ನೋಡುವ ಫ್ಲೋರೆಸಿನ್ ಸ್ಟ್ರಿಪ್ ಇದೆಯಾ, ಎಷ್ಟು ಹೊತ್ತಿಗೆ ತೆಗೆಯುತ್ತೀರಿ. ಮೂರನೆಯದನ್ನು ನಾನು ಕೇಳಲಿಲ್ಲ. ಒಂದೂವರೆ ಗಂಟೆ ಬಸ್ಸಿನಲ್ಲಿ ಹೋಗಿ ಇಳಿದಾಗ ಮಧ್ಯಾಹ್ನ ಎರಡೂವರೆ. ಕ್ಲಿನಿಕ್ ತೆಗೆಯುವುದು ಐದು ಗಂಟೆಗೆ. ಹೊರಗೆ ಧೋ ಅಂತ ಆಷಾಢದ ಮಳೆ. ಪಕ್ಕದ ಅಂಗಡಿಯ ಜಗಲಿಯಲ್ಲಿ ಕೂತೆ. ಅಡಿಕೆ ಬುಟ್ಟಿಗೆ ಹಳೇ ಸೀರೆ ಕಟ್ಟಿ ಕೆಂಚನನ್ನು ತಂದಿದ್ದೆ. ಬಸ್ಸಿನಲ್ಲಿ ಅವನಿಗೂ ಅರ್ಧ ಟಿಕೆಟ್ ಆಗಿತ್ತು. ಬುಟ್ಟಿಯೊಳಗೆ ಕೈ ಇಟ್ಟರೆ ಮುಖ ತಂದು ಅಂಗೈಗೆ ಒತ್ತಿಕೊಳ್ಳುತ್ತಿದ್ದ, ನೋಯುವ ಕಣ್ಣಿನ ಕಡೆಯನ್ನೇ. ಕಾದ ಆ ಎರಡೂವರೆ ಗಂಟೆ ಈಗ ನೆನೆಸಿಕೊಂಡರೂ ಸಂಕಟವಾಗುತ್ತದೆ.

ನಮ್ಮ ಸರದಿ ಬಂದಾಗ ಆರೂಮುಕ್ಕಾಲು. ಡಾಕ್ಟರ್ ಮೇಡಂ ಮೊದಲು ತೂಕ ನೋಡಿದರು, ಎರಡು ಕೆಜಿ ಏಳುನೂರು ಗ್ರಾಂ. ಆಮೇಲೆ ಪ್ರಶ್ನೆಗಳು. ಯಾವತ್ತಿನಿಂದ? ಮೊದಲು ನೀರೋ, ಗೀಜೋ? ಸೀನುತ್ತಾನಾ? ಲಸಿಕೆ ಪುಸ್ತಕ ಎಲ್ಲಿ? ಏನೇನು ಹಾಕಿದ್ದೀರಿ? ಲಸಿಕೆ ಪುಸ್ತಕ ಇರಲಿಲ್ಲ. ಭಾನುವಾರದ ಫೋಟೋ ತೋರಿಸಿದೆ, ಅದು ತುಂಬಾ ಉಪಯೋಗಕ್ಕೆ ಬಂತು. ನೀವೂ ಕಣ್ಣಿನ ತೊಂದರೆ ಕಂಡ ದಿನದಿಂದ ದಿನಕ್ಕೊಂದು ಫೋಟೋ ತೆಗೆಯಿರಿ, ಒಂದೇ ಜಾಗದಲ್ಲಿ, ಹಗಲು ಬೆಳಕಿನಲ್ಲಿ, ಫ್ಲ್ಯಾಶ್ ಹಾಕದೆ. ಜಾಸ್ತಿಯಾಗಿದೆಯೋ ಕಡಿಮೆಯಾಗಿದೆಯೋ ಅಂತ ಬಾಯಲ್ಲಿ ಹೇಳುವುದು ಕಷ್ಟ.

ಡ್ರಾಪ್ಸ್ ಬಾಟಲಿ ಕೊಟ್ಟೆ. ಮೇಡಂ ಲೇಬಲ್ ಓದಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಇದರಲ್ಲಿ ಮಾಕ್ಸಿಫ್ಲಾಕ್ಸಾಸಿನ್ ಜೊತೆ ಡೆಕ್ಸಾಮೆಥಾಸೋನ್ ಇದೆ, ಸ್ಟೆರಾಯ್ಡ್" ಅಂದರು.

ಕೆಂಚನನ್ನು ಟವೆಲಿನಲ್ಲಿ ಸುತ್ತಿ ನಾನು ಹಿಡಿದುಕೊಂಡೆ. ಕಿತ್ತಳೆ ಬಣ್ಣದ ತುದಿಯಿದ್ದ ಒಂದು ಕಾಗದದ ಪಟ್ಟಿಯನ್ನು ಒದ್ದೆ ಮಾಡಿ ಅವನ ಕಣ್ಣಿಗೆ ಮುಟ್ಟಿಸಿದರು. ನೀರು ಬಿಟ್ಟು ತೊಳೆದರು. ಕೋಣೆಯ ಲೈಟು ಆರಿಸಿ ನೀಲಿ ಟಾರ್ಚು ಹಿಡಿದರು. ಕತ್ತಲೆಯಲ್ಲಿ ಅವನ ಕಣ್ಣಿನ ಮೇಲೆ ಹಸಿರು ಗೆರೆಗಳು ಹೊಳೆದವು, ಎಲೆ ಉದುರಿದ ಮರದ ಕೊಂಬೆಗಳ ಹಾಗೆ ಕವಲೊಡೆದು. ಒಂದು ಕಡೆ ಗೆರೆಗಳು ಸೇರಿ ಅಗಲವಾದ ಮಚ್ಚೆಯಾಗಿತ್ತು. ಕಾರ್ನಿಯಾ ಅಂದರೆ ಕಣ್ಣುಗುಡ್ಡೆಯ ಎದುರಿಗಿರುವ ಗಾಜಿನಂಥ ಪದರ. ಅದು ಸರಿಯಿದ್ದರೆ ಬಣ್ಣ ಹಿಡಿಯುವುದಿಲ್ಲ, ಮೇಲ್ಪದರ ಕಿತ್ತುಹೋದ ಕಡೆ ಹಿಡಿಯುತ್ತದೆ. ಇಡೀ ಪರೀಕ್ಷೆಗೆ ಐದು ನಿಮಿಷವೂ ಆಗಲಿಲ್ಲ.

"ಇದು ಹರ್ಪಿಸ್ ವೈರಸ್. ಹೀಗೆ ಕವಲೊಡೆಯುವ ಹುಣ್ಣು ಅದರದ್ದೇ ಗುರುತು" ಅಂದರು ಮೇಡಂ. ಮರಿಯಿದ್ದಾಗ ಬಂದಿದ್ದ ಆ ಶೀತ ಬಹುಶಃ ಇದೇ. ಒಮ್ಮೆ ಬಂದರೆ ನರದೊಳಗೆ ಅಡಗಿ ಕೂತಿರುತ್ತದೆ, ಮೈ ಸೋತಾಗ, ಗಾಬರಿಯಾದಾಗ ಮತ್ತೆ ಏಳುತ್ತದೆ. ನಾನು ಹಾಕಿದ ಸ್ಟೆರಾಯ್ಡ್ ಕೆಂಪು, ಊತ ಇಳಿಸಿತು. ಆದರೆ ಕಣ್ಣು ವೈರಸ್ ಜೊತೆ ಹೋರಾಡುವ ಶಕ್ತಿಯನ್ನೂ ಇಳಿಸಿತು, ಗಾಯ ಮಾಯದ ಹಾಗೆ ಮಾಡಿತು. ಹೊರಗಿನಿಂದ ಕಡಿಮೆಯಾದ ಹಾಗೆ ಕಂಡು ಒಳಗೆ ಹುಣ್ಣು ಹರಡುತ್ತಾ ಹೋಯಿತು. ಇನ್ನೂ ನಾಲ್ಕೈದು ದಿನ ಹಾಕಿದ್ದರೆ ಗುಡ್ಡೆ ತೂತಾಗುವ ಅಪಾಯವೂ ಇತ್ತು ಅಂದರು. ಬೈಯಲಿಲ್ಲ. "ಮನೆಯಲ್ಲಿ ಇದ್ದದ್ದನ್ನು ಹಾಕಿದಿರಿ, ಎಷ್ಟೋ ಜನ ಹೀಗೇ ಮಾಡುತ್ತಾರೆ. ಈಗ ನಿಲ್ಲಿಸಿ, ಅಷ್ಟೇ" ಅಂದರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತೇನೋ.

ನಿಮ್ಮ ಮನೆಯ ಡ್ರಾಪ್ಸ್ ಬಾಟಲಿಗಳನ್ನು ಇವತ್ತೇ ಒಮ್ಮೆ ಓದಿ ನೋಡಿ. ಡೆಕ್ಸಾಮೆಥಾಸೋನ್, ಪ್ರೆಡ್ನಿಸೊಲೋನ್, ಬೀಟಾಮೆಥಾಸೋನ್, ಲೋಟೆಪ್ರೆಡ್ನಾಲ್, ಫ್ಲೂರೋಮೆಥೋಲೋನ್, ಇವೆಲ್ಲ ಸ್ಟೆರಾಯ್ಡ್‌ಗಳು. ಎಷ್ಟೋ ಸಲ ಆಂಟಿಬಯೋಟಿಕ್ ಜೊತೆ ಒಂದೇ ಬಾಟಲಿಯಲ್ಲಿ ಬೆರೆತಿರುತ್ತವೆ, ದೊಡ್ಡ ಅಕ್ಷರದಲ್ಲಿರುವ ಹೆಸರು ನೋಡಿದರೆ ಗೊತ್ತಾಗುವುದಿಲ್ಲ. ತೆರೆದು ಒಂದು ತಿಂಗಳು ದಾಟಿದ ಡ್ರಾಪ್ಸನ್ನು ಮನುಷ್ಯರಿಗೂ ಹಾಕಬಾರದು ಅನ್ನುವುದು ಬೇರೆ ಮಾತು.

ಚೀಟಿಯಲ್ಲಿ ಮೂರು ಔಷಧ ಇತ್ತು. ಬೇರೆ ಸೋಂಕು ಸೇರದಿರಲು ಆಂಟಿಬಯೋಟಿಕ್ ಡ್ರಾಪ್ಸ್, ವೈರಸ್ಸಿಗೆ ಗ್ಯಾನ್‌ಸೈಕ್ಲೋವಿರ್ ಜೆಲ್, ಹೊಟ್ಟೆಗೆ ಫ್ಯಾಮ್‌ಸೈಕ್ಲೋವಿರ್ ಮಾತ್ರೆ. ಎಷ್ಟು, ಎಷ್ಟು ಸಲ ಅಂತ ಬೇಕೆಂದೇ ಬರೆಯುತ್ತಿಲ್ಲ. ನಿಮ್ಮ ಬೆಕ್ಕಿನ ಕಾಯಿಲೆ ಬೇರೆಯಿರಬಹುದು. ಬೆಕ್ಕಿನ ಕೆಂಗಣ್ಣಿಗೆ ಕ್ಲಮೈಡಿಯಾ ಅನ್ನುವ ಬ್ಯಾಕ್ಟೀರಿಯಾವೂ ಕಾರಣವಾಗುತ್ತದೆ. ಅದು ಹೆಚ್ಚಾಗಿ ಒಂದು ಕಣ್ಣಲ್ಲಿ ಶುರುವಾಗಿ ಕೆಲವು ದಿನದಲ್ಲಿ ಇನ್ನೊಂದಕ್ಕೂ ಹೋಗುತ್ತದೆ. ಅದಕ್ಕೆ ವಾರಗಟ್ಟಲೆ ಡಾಕ್ಸಿಸೈಕ್ಲಿನ್ ಕೊಡುತ್ತಾರೆ, ಈ ಔಷಧಗಳಲ್ಲ.

ಮಾತ್ರೆ ಹುಡುಕುವುದು ಇನ್ನೊಂದು ಪಾಡಾಯಿತು. ಎರಡು ಮೆಡಿಕಲ್ ಶಾಪಿನಲ್ಲಿ ಫ್ಯಾಮ್‌ಸೈಕ್ಲೋವಿರ್ ಇರಲಿಲ್ಲ. ಮೂರನೆಯವರು, "ಇದಿಲ್ಲ, ವ್ಯಾಲಾಸೈಕ್ಲೋವಿರ್ ಇದೆ. ಎರಡೂ ಹರ್ಪಿಸ್‌ಗೇ, ತಗೊಂಡು ಹೋಗಿ" ಅಂತ ಸ್ಟ್ರಿಪ್ ಕತ್ತರಿಸಲು ಹೊರಟರು. ರಾತ್ರಿ ಎಂಟೂವರೆ, ಊರಿಗೆ ಬಸ್ಸಿಲ್ಲ, ಕೈಯಲ್ಲಿ ಬೆಕ್ಕು. ಸರಿ ಕೊಡಿ ಅನ್ನುವವಳಿದ್ದೆ. ಆದರೆ ಅವತ್ತು ಒಂದು ಸಲ ಪೆಟ್ಟು ತಿಂದಾಗಿತ್ತು. ಮೇಡಂಗೆ ಫೋನ್ ಮಾಡಿದೆ. "ಬೇಡ, ಬೇಡವೇ ಬೇಡ! ವ್ಯಾಲಾಸೈಕ್ಲೋವಿರ್ ಬೆಕ್ಕಿಗೆ ವಿಷ. ಕಿಡ್ನಿ, ಲಿವರ್ ಎಲ್ಲ ಹೋಗುತ್ತದೆ. ನಾಳೆ ಸಿಕ್ಕರೂ ಪರವಾಗಿಲ್ಲ, ಬದಲಿ ಮಾತ್ರೆ ತಗೋಬೇಡಿ" ಅಂದರು. ಮನುಷ್ಯರ ಮೆಡಿಕಲ್ ಶಾಪಿನವರಿಗೆ ಬೆಕ್ಕಿನ ಮೈ ಗೊತ್ತಿರಬೇಕು ಅಂತ ನಾವೂ ಬಯಸಬಾರದು. ಬೆಕ್ಕಿನ ಚೀಟಿಗೆ ಬದಲಿ ಔಷಧ ಅಂದರೆ ಡಾಕ್ಟರನ್ನು ಕೇಳದೆ ತರಬೇಡಿ. ನೋವಿಗೆ, ಜ್ವರಕ್ಕೆ ಅಂತ ಪ್ಯಾರಾಸಿಟಮಾಲ್ ಅಂತೂ ಒಂದು ಚೂರೂ ಕೊಡಬೇಡಿ, ಬೆಕ್ಕು ಸತ್ತೇಹೋಗುತ್ತದೆ.

ಆ ರಾತ್ರಿ ಶಿವಮೊಗ್ಗದಲ್ಲೇ ಚಿಕ್ಕಪ್ಪನ ಮನೆಯಲ್ಲಿ ಉಳಿದೆ. ಮಾತ್ರೆ ಮಾರನೇ ದಿನ ಹನ್ನೊಂದು ಗಂಟೆಗೆ ಆಸ್ಪತ್ರೆ ಪಕ್ಕದ ಅಂಗಡಿಯಲ್ಲಿ ಸಿಕ್ಕಿತು. ಹದಿನಾಲ್ಕು ದಿನಕ್ಕೆ ಇಪ್ಪತ್ತೆಂಟು ಮಾತ್ರೆ. ಎಲ್ಲಕ್ಕಿಂತ ಜಾಸ್ತಿ ದುಡ್ಡು ಅದಕ್ಕೇ ಹೋಯಿತು. ಇನ್ನೊಂದು ಅಂಗಡಿಯವರು ಲೈಸಿನ್ ಪೇಸ್ಟ್ ತಗೊಳ್ಳಿ, ಹರ್ಪಿಸ್‌ಗೆ ಒಳ್ಳೇದು ಅಂದಿದ್ದರು. ಅದರಿಂದ ಪ್ರಯೋಜನ ಕಂಡಿಲ್ಲ, ದುಡ್ಡು ಉಳಿಸಿಕೊಳ್ಳಿ ಅಂತ ಮೇಡಂ ಹೇಳಿದರು.

ಕಣ್ಣು ಕೆರೆಯದಿರಲು ಕುತ್ತಿಗೆಗೆ ಕಾಲರ್ ಬೇಕಿತ್ತು. ಚಿಕ್ಕ ಸೈಜು ಎಲ್ಲೂ ಸಿಗಲಿಲ್ಲ. ಅಮ್ಮನ ಮೊಣಕಾಲಿನ ಹಳೇ ಎಕ್ಸ್‌ರೇ ಹಾಳೆಯನ್ನು ಲಾಳಿಕೆಯ ಹಾಗೆ ಸುತ್ತಿ, ಅಂಚಿಗೆ ಬಟ್ಟೆ ಹೊಲಿದೆ. ಮೂರು ವಾರ ಅದೇ ಬಾಳಿತು. ಮೂಗಿನ ತುದಿಗಿಂತ ಒಂದು ಬೆರಳು ಮುಂದೆ ಇರುವಷ್ಟು ಉದ್ದ ಬೇಕು, ಕುತ್ತಿಗೆ ಹತ್ತಿರ ಎರಡು ಬೆರಳು ಹೋಗುವಷ್ಟು ಸಡಿಲ ಬೇಕು. ಗಿಡ್ಡ ಮಾಡಿದರೆ ಹಿಂಗಾಲಿನಿಂದ ಕೆರೆದುಕೊಳ್ಳುತ್ತವೆ. ನನ್ನ ಮೊದಲ ಕಾಲರ್ ಹಾಗೇ ಆಗಿ ಬಿಚ್ಚಿ ಮತ್ತೆ ಮಾಡಿದೆ.

ಡ್ರಾಪ್ಸ್ ಹಾಕುವುದನ್ನು ಕಲಿಯಲು ನನಗೆ ಮೂರು ದಿನ ಬೇಕಾಯಿತು, ಕೈ ತುಂಬ ಪರಚು ಗಾಯ. ಎದುರಿನಿಂದ ಹೋದರೆ ಆಗುವುದೇ ಇಲ್ಲ. ನೆಲದ ಮೇಲೆ ಕೂತು, ಬೆಕ್ಕನ್ನು ಟವೆಲಿನಲ್ಲಿ ಸುತ್ತಿ, ಅದರ ಬೆನ್ನು ನಮ್ಮ ಹೊಟ್ಟೆಗೆ ತಾಗುವ ಹಾಗೆ ಕೂರಿಸಿಕೊಳ್ಳಬೇಕು. ಒಂದು ಕೈಯಲ್ಲಿ ಗಲ್ಲ ಎತ್ತಿ, ಇನ್ನೊಂದು ಕೈಯನ್ನು ತಲೆಯ ಮೇಲೆ ಊರಿ ಹಿಂದಿನಿಂದ ಹನಿ ಬಿಡಬೇಕು. ಆಗ ಬಾಟಲಿ ಬರುವುದು ಅದಕ್ಕೆ ಕಾಣುವುದಿಲ್ಲ. ಬಾಟಲಿಯ ತುದಿ ಕಣ್ಣಿಗೆ ತಾಗಬಾರದು. ಮೊದಲು ಡ್ರಾಪ್ಸ್, ಐದು ನಿಮಿಷ ಬಿಟ್ಟು ಜೆಲ್. ಕುದಿಸಿ ಆರಿಸಿದ ನೀರಿನಲ್ಲಿ ಹತ್ತಿ ಅದ್ದಿ ಮೊದಲೇ ಗೀಜು ಒರೆಸಬೇಕು, ಎರಡೂ ಕಣ್ಣಿಗೆ ಬೇರೆ ಬೇರೆ ಹತ್ತಿ. ಪ್ರತಿ ಸಲ ಆದಮೇಲೆ ಒಂದು ಚೂರು ಬಂಗುಡೆ ಮೀನು ಕೊಡುತ್ತಿದ್ದೆ. ಎರಡನೇ ವಾರದಲ್ಲಿ ಟವೆಲ್ ತೆಗೆದರೆ ತಾನೇ ಬಂದು ಕೂರುತ್ತಿದ್ದ.

ಊಟದ ವಿಷಯ ಯಾರೂ ನನಗೆ ಮೊದಲೇ ಹೇಳಿರಲಿಲ್ಲ. ಮೂಗು ಕಟ್ಟಿದ ಬೆಕ್ಕಿಗೆ ವಾಸನೆ ಸಿಗುವುದಿಲ್ಲ, ವಾಸನೆ ಇಲ್ಲದಿದ್ದರೆ ತಿನ್ನುವುದಿಲ್ಲ. ಎರಡು ಮೂರು ದಿನ ಉಪವಾಸವಿದ್ದರೆ ಬೆಕ್ಕಿನ ಲಿವರ್ ಕೆಡಲು ಶುರುವಾಗುತ್ತದೆ. ಮೀನು ಬೇಯಿಸಿದ ನೀರನ್ನು ಉಗುರುಬೆಚ್ಚಗೆ ಮಾಡಿ ಕೊಟ್ಟಾಗ ಗುರುವಾರ ರಾತ್ರಿ ಮೊದಲ ಸಲ ನೆಕ್ಕಿದ. ಅಮ್ಮ ಒಳಗಿನಿಂದ, "ತಿಂದನಾ?" ಅಂದಳು. ಅವಳ ಡ್ರಾಪ್ಸಿನಿಂದ ಹೀಗಾಯಿತು ಅಂತ ಅವಳಿಗೂ ನಿದ್ದೆ ಇರಲಿಲ್ಲ. ಆಪರೇಷನ್ ಆದ ಕಣ್ಣಿಗೆ ಇದು ಅಂಟುತ್ತದಾ ಅನ್ನುವ ಭಯ ನನಗಿತ್ತು. ಬೆಕ್ಕಿನ ಹರ್ಪಿಸ್ ಮನುಷ್ಯರಿಗೆ ಬರುವುದಿಲ್ಲ. ಕ್ಲಮೈಡಿಯಾ ಮಾತ್ರ ಅಪರೂಪಕ್ಕೆ ಬರಬಹುದಂತೆ, ಹಾಗಾಗಿ ಯಾವ ಕಣ್ಣುಬೇನೆಯಾದರೂ ಕೈ ಸೋಪಿನಲ್ಲಿ ತೊಳೆಯಲೇಬೇಕು. ಬೇರೆ ಬೆಕ್ಕುಗಳಿಗೆ ಮಾತ್ರ ಹರ್ಪಿಸ್ ಬೇಗ ಅಂಟುತ್ತದೆ. ನಮ್ಮ ಕರಿಬೆಕ್ಕನ್ನು ಹೊರಗಿನ ಕೋಣೆಗೆ ಕಳಿಸಿ ತಟ್ಟೆ, ಚಾಪೆ ಎಲ್ಲ ಬೇರೆ ಮಾಡಿದೆವು.

ಸೋಮವಾರ ಮತ್ತೆ ಶಿವಮೊಗ್ಗ. ಹಸಿರು ಗೆರೆ ಸಣ್ಣದಾಗಿತ್ತು. ಮೇಡಂ ಮುಖದಲ್ಲಿ ನಗು ನೋಡಿ ನನಗೆ ಅರ್ಧ ಜೀವ ಬಂತು. ಆದರೆ ಒಂಬತ್ತನೇ ದಿನ ಬೆಳಿಗ್ಗೆ ಕಣ್ಣಿನ ಅಂಚಿನಿಂದ ಕೂದಲೆಳೆಯಂಥ ಕೆಂಪು ಗೆರೆಗಳು ಗುಡ್ಡೆಯ ಮೇಲೆ ಹತ್ತಿದ್ದವು. ಎಲ್ಲ ಮುಗಿಯಿತು ಅಂದುಕೊಂಡು ನಡುಗುವ ಕೈಯಲ್ಲಿ ಫೋಟೋ ಕಳಿಸಿದೆ. ಗಾಯ ಮಾಯಿಸಲು ರಕ್ತನಾಳ ಬೆಳೆಯುತ್ತಿದೆ, ಬೆಕ್ಕು ಕಣ್ಣು ಬಿಡುತ್ತಿದ್ದರೆ ಹೆದರಬೇಡಿ ಅಂತ ಉತ್ತರ ಬಂತು. ಹೌದು, ಕಣ್ಣು ಬಿಡುತ್ತಿದ್ದ. ನೋವಿದೆಯಾ ಇಲ್ಲವಾ ಅಂತ ತಿಳಿಯಲು ನಾನು ಕಲಿತ ಗುರುತು ಅದೇ. ಕೆಂಪಿಗಿಂತ, ಗೀಜಿಗಿಂತ, ಕಣ್ಣು ಎಷ್ಟು ತೆರೆದಿದೆ ಅನ್ನುವುದನ್ನು ನೋಡಿ.

ಯಾವಾಗ ಓಡಬೇಕು ಅಂತ ಮೇಡಂ ಹತ್ತಿರ ಬಿಡಿಸಿ ಕೇಳಿಕೊಂಡೆ. ಬೆಳಿಗ್ಗೆ ಎದ್ದಾಗ ಮೂಲೆಯಲ್ಲಿ ಕಂದು ಬಣ್ಣದ ಒಣ ಪಿಚ್ಚು ಸ್ವಲ್ಪ ಇದ್ದು, ಕಣ್ಣು ಪೂರ್ತಿ ತೆರೆದು ಹೊಳೆಯುತ್ತಿದ್ದರೆ ಒರೆಸಿದರೆ ಸಾಕು. ತಿಳಿನೀರು ಇಳಿಯುತ್ತಿದ್ದು, ಆಟ ಊಟ ಸರಿಯಿದ್ದು, ಕಣ್ಣು ತೆರೆದೇ ಇದ್ದರೆ ಒಂದು ದಿನ ನೋಡಬಹುದು. ಹಳದಿ ಅಥವಾ ಹಸಿರು ಗೀಜು, ಮೇಲೆ ಬಂದು ನಿಂತ ಮೂರನೇ ರೆಪ್ಪೆ, ಜೊತೆಗೆ ಸೀನು ಇದ್ದರೆ ಮಾರನೇ ದಿನದೊಳಗೆ ತೋರಿಸಬೇಕು. ಕಣ್ಣು ಮುಚ್ಚಿಕೊಂಡೇ ಇದ್ದರೆ, ಮಂಜಾದರೆ, ಎರಡು ಕಣ್ಣಿನ ಪಾಪೆ ಬೇರೆ ಬೇರೆ ಗಾತ್ರ ಕಂಡರೆ, ಗುಡ್ಡೆಯೊಳಗೆ ರಕ್ತ ಕಂಡರೆ, ಕಣ್ಣು ಮುಂದಕ್ಕೆ ಉಬ್ಬಿದರೆ ಅದೇ ದಿನ, ಅದೇ ಗಂಟೆ. ವಯಸ್ಸಾದ ಬೆಕ್ಕಿನ ಎರಡೂ ಪಾಪೆ ಇದ್ದಕ್ಕಿದ್ದಂತೆ ಅಗಲವಾಗಿ ಗೋಡೆಗೆ ಡಿಕ್ಕಿ ಹೊಡೆಯುತ್ತಿದ್ದರೆ ಅದು ಬಿಪಿಯಿಂದ ಆಗಿರಬಹುದು, ಅದೂ ತುರ್ತು. ಇನ್ನೂ ಕಣ್ಣು ತೆರೆಯದ ಎಳೆ ಮರಿಯ ರೆಪ್ಪೆ ಉಬ್ಬಿದ್ದರೆ ಒಳಗೆ ಕೀವು ತುಂಬಿರುತ್ತದೆ, ತಾನಾಗೇ ತೆರೆಯಲಿ ಅಂತ ಕಾಯಬಾರದು.

ಎಲ್ಲಿಗೆ ಹೋಗುವುದು ಗೊತ್ತಾಗದಿದ್ದರೆ, ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್‌ನಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ, ಅಲ್ಲಿ ವಿಚಾರಿಸಿ. ಪಶುಗಳ ಸಹಾಯವಾಣಿ 1962.

ಖರ್ಚಿನ ಲೆಕ್ಕ ಹೀಗಿದೆ. ಮೊದಲ ದಿನ ಫೀಸು, ಬಣ್ಣದ ಪರೀಕ್ಷೆ ಸೇರಿ 700 ರೂಪಾಯಿ. ಆಮೇಲಿನ ಎರಡು ಭೇಟಿಗೆ ತಲಾ 500. ಮಾತ್ರೆ 1,900, ಡ್ರಾಪ್ಸ್ ಮತ್ತು ಜೆಲ್ 750. ಬಸ್ಸು, ಆಟೋ ಎಲ್ಲ ಸೇರಿ 1,400 ಹತ್ತಿರ. ಒಟ್ಟು 5,750. ಭಾನುವಾರ ಕೈ ತಡೆದು ಸೋಮವಾರವೇ ಹೋಗಿದ್ದರೂ ಮಾತ್ರೆ ಬೇಕಾಗುತ್ತಿತ್ತೇನೋ. ಆದರೆ ಕಣ್ಣಿನ ಮೇಲೆ ಈಗ ಉಳಿದಿರುವ ಕಲೆ ಇರುತ್ತಿರಲಿಲ್ಲ. ಅಕ್ಕಿಕಾಳಿಗಿಂತ ಚಿಕ್ಕದು, ಬಿಳಿ ಹೊಗೆಯ ಹಾಗೆ. ಬಿಸಿಲಿಗೆ ನಿಂತಾಗ ಕಾಣುತ್ತದೆ.

ದೃಷ್ಟಿ ಇದೆಯಾ ಅಂತ ನಿನ್ನೆ ಮೇಡಂ ಪರೀಕ್ಷೆ ಮಾಡಿದರು. ಬಲಗಣ್ಣು ಮುಚ್ಚಿ, ಎಡಗಣ್ಣಿನ ಎದುರಿಗೆ ಮೇಲಿನಿಂದ ಒಂದು ಹತ್ತಿ ಉಂಡೆ ಬಿಟ್ಟರು. ಹತ್ತಿ ಬೀಳುವಾಗ ಸದ್ದಾಗುವುದಿಲ್ಲ, ಗಾಳಿಯೂ ತಾಗುವುದಿಲ್ಲ, ಕಂಡರೆ ಮಾತ್ರ ಗೊತ್ತಾಗಬೇಕು. ಕೆಂಚನ ತಲೆ ಹತ್ತಿಯ ಹಿಂದೆಯೇ ಕೆಳಗಿಳಿಯಿತು. ಇನ್ನೊಮ್ಮೆ ಬಿಟ್ಟಾಗ ಟವೆಲಿನಿಂದ ಕಾಲು ಹೊರಗೆಳೆದು ಹೊಡೆದ.

ವೈರಸ್ ಹೋಗಿಲ್ಲ, ಹೋಗುವುದೂ ಇಲ್ಲ. ಮನೆಗೆ ನೆಂಟರು ತುಂಬಿದಾಗ, ದೀಪಾವಳಿ ಪಟಾಕಿಯ ದಿನಗಳಲ್ಲಿ ಅವನ ಕಣ್ಣಿನ ಮೇಲೆ ಕಣ್ಣಿಡಲು ಹೇಳಿದ್ದಾರೆ. ಮುಂದಿನ ಶುಕ್ರವಾರ ಟ್ರೈಕ್ಯಾಟ್, ಅಂದರೆ ಹರ್ಪಿಸ್ ಸೇರಿ ಬೆಕ್ಕಿನ ಮೂರು ಕಾಯಿಲೆಗಳ ಲಸಿಕೆಯ ಮೊದಲ ಡೋಸ್, ಮೂರು ನಾಲ್ಕು ವಾರ ಬಿಟ್ಟು ಎರಡನೆಯದು. ಲಸಿಕೆ ಹಾಕಿದರೂ ಈ ಕಾಯಿಲೆ ಬರಬಹುದು, ಆದರೆ ಇಷ್ಟು ಜೋರಾಗಿ ಬರುವುದಿಲ್ಲವಂತೆ. ಕರಿಬೆಕ್ಕಿಗೂ ಅದೇ ದಿನ ಹಾಕಿಸುತ್ತೇವೆ. ಎರಡನ್ನೂ ಒಂದೇ ಬುಟ್ಟಿಯಲ್ಲಿ ಒಯ್ಯಲು ಆಗುವುದಿಲ್ಲ, ಅದಕ್ಕೇ ಅಮ್ಮ ಬೆಳಿಗ್ಗೆಯಿಂದ ಇನ್ನೊಂದು ಅಡಿಕೆ ಬುಟ್ಟಿಗೆ ಸೀರೆ ಹೊಲಿಯುತ್ತಿದ್ದಾಳೆ.